ಹೆದೆ ಎಳೆದವರು ಯಾರು?

ನನ್ನ ಜೊತೆ ಕೂತು ಯುದ್ಧದ ಸಿನಿಮಾ ನೋಡುವುದೆಂದರೆ ನಮ್ಮ ಮನೆಯವರಿಗೆ ಒಂದು ಶಿಕ್ಷೆ. ನಾಯಕ ಉಳಿಯುತ್ತಾನೋ ಇಲ್ಲವೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರೆ ನನ್ನ ಕಣ್ಣು ಅವನ ಬತ್ತಳಿಕೆಯ ಮೇಲಿರುತ್ತದೆ. ಹತ್ತೋ ಹನ್ನೆರಡೋ ಬಾಣ ಹಿಡಿಯುವ ಬತ್ತಳಿಕೆಯಿಂದ ಮೂವತ್ತನೆಯದು ಹೊರಬಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. "ನಿಮಗೆ ಸಿನಿಮಾ ಯಾಕೆ? ಒಂದು ಸ್ಟಾಕ್ ರಿಜಿಸ್ಟರ್ ಕೊಟ್ಟರೆ ಸಾಕು, ರಾತ್ರಿಯೆಲ್ಲ ಅದನ್ನೇ ನೋಡ್ಕೊಂಡು ಕೂತಿರ್ತೀರಿ" ಎಂದು ಹೆಂಡತಿ ಗೊಣಗುತ್ತಾಳೆ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ. ಶೌರ್ಯದ ಕಥೆಗಳಲ್ಲಿ ಶೂರನಿಗಿಂತ ಅವನ ಉಗ್ರಾಣದವನ ಮೇಲೆ ನನಗೆ ಹೆಚ್ಚು ಕುತೂಹಲ. ಬಾಣ ತಂದವರು ಯಾರು, ತುಂಬಿದವರು ಯಾರು, ಪ್ರತಿ ಸಲವೂ ಹೆದೆ ಎಳೆದವರು ಯಾರು?

ಇಂಥ ಚಟದವನಿಗೆಂದೇ ಹೇಳಿ ಮಾಡಿಸಿದ ಆಯುಧ ಒಂದಿದೆ. ಮರದ ದಿಂಡಿನ ಮೇಲೆ ಬಿಲ್ಲನ್ನು ಅಡ್ಡಲಾಗಿ ಕೂರಿಸಿ, ಬಂದೂಕಿನ ಹಾಗೆ ಹಿಡಿದು ಹೊಡೆಯುವ ಅಡ್ಡಬಿಲ್ಲನ್ನು ಎಲ್ಲರೂ ಚಿತ್ರಗಳಲ್ಲಾದರೂ ನೋಡಿರುತ್ತಾರೆ. ನಮ್ಮ ದೇಶದಲ್ಲಿ ನಾಗಾ ಜನರೂ ನಿಕೋಬಾರಿನವರೂ ಅದನ್ನು ಬಳಸುತ್ತಿದ್ದರು. ನಾನು ಹೇಳಹೊರಟಿದ್ದು ಅದರ ಒಬ್ಬ ವಿಚಿತ್ರ ದಾಯಾದಿಯ ವಿಷಯ: ನೆತ್ತಿಯ ಮೇಲೊಂದು ಪೆಟ್ಟಿಗೆ ಹೊತ್ತುಕೊಂಡು, ಒಂದರ ಹಿಂದೆ ಒಂದು ಬಾಣ ಉಗುಳುವ ಅಡ್ಡಬಿಲ್ಲು. ಸಿನಿಮಾದವರಿಗೂ ಕಂಪ್ಯೂಟರ್ ಆಟದವರಿಗೂ ಇದೆಂದರೆ ಪ್ರಾಣ. 2004ರ ‘ವ್ಯಾನ್ ಹೆಲ್ಸಿಂಗ್’ ಸಿನಿಮಾದಲ್ಲಿ ಹ್ಯೂ ಜಾಕ್‌ಮನ್ ಹಾರುವ ಪಿಶಾಚಿಗಳ ಮೇಲೆ ಇಂಥದೊಂದನ್ನು ಹಿಡಿದು ಮೆಷಿನ್‌ಗನ್ನಿನ ಹಾಗೆ ಬಾಣದ ಮಳೆ ಸುರಿಸುತ್ತಾನೆ. ಹೆದೆ ಹಿಂದೆ ಬರುವುದು ಕಾಣುವುದಿಲ್ಲ, ಕೈ ಅಲುಗುವುದಿಲ್ಲ. ಆದರೆ ಆ ಸಿನಿಮಾದವರಿಗೆ ನಾನು ಒಂದು ಅಂಕ ಕೊಡುತ್ತೇನೆ. ಅದು ಅನಿಲದ ಒತ್ತಡದಿಂದ ನಡೆಯುತ್ತದೆ ಎಂದು ಒಂದು ಮಾತನ್ನಾದರೂ ಹೇಳಿಸಿದ್ದಾರೆ. ಶಕ್ತಿ ಎಲ್ಲಿಂದಲಾದರೂ ಬರಬೇಕಲ್ಲ ಎಂಬ ಅಳುಕು ಅವರಿಗಿತ್ತು. ಉಳಿದವರಿಗೆ ಅದೂ ಇರುವುದಿಲ್ಲ.

ತುಂಬುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೂ ಅದರೊಳಗೆ ಮೂರು ಕೆಲಸ ಅಡಗಿವೆ. ಹೆದೆಯನ್ನು ಹಿಂದಕ್ಕೆ ಎಳೆದು ಕಚ್ಚಿಗೆ ಸಿಕ್ಕಿಸಬೇಕು. ಅದರ ಮುಂದೆ ಒಂದು ಬಾಣ ಇಡಬೇಕು. ಬಾಣ ಮುಗಿದ ಮೇಲೆ ಹೊಸದು ತಂದು ಜೋಡಿಸಿಕೊಳ್ಳಬೇಕು. ಇವುಗಳಲ್ಲಿ ಬೆವರು ಇಳಿಸುವುದು ಮೊದಲನೆಯದು. ಯುರೋಪಿನ ಅಡ್ಡಬಿಲ್ಲುಗಾರ ತುದಿಯ ಕಬ್ಬಿಣದ ಬಳೆಯೊಳಗೆ ಕಾಲಿಟ್ಟು, ಬಿಲ್ಲನ್ನು ನೆಲಕ್ಕೆ ಒತ್ತಿ, ಸೊಂಟದ ಕೊಕ್ಕೆಗೆ ಹೆದೆ ಸಿಕ್ಕಿಸಿ ಮೇಲೇಳುತ್ತಿದ್ದ. ಬಿಲ್ಲು ಉಕ್ಕಿನದಾದ ಮೇಲೆ ಸೊಂಟಕ್ಕೂ ಬಗ್ಗಲಿಲ್ಲ. ಹಗ್ಗ ಸುತ್ತುವ ರಾಟೆ ಬಂತು, ಹಲ್ಲುಚಕ್ರ ಬಂತು. ರಾಲ್ಫ್ ಪೇನ್-ಗಾಲ್ವೇ ಎಂಬ ಇಂಗ್ಲಿಷ್ ಶ್ರೀಮಂತ 1903ರಲ್ಲಿ ಅಡ್ಡಬಿಲ್ಲಿನ ಮೇಲೆ ಒಂದು ದಪ್ಪ ಪುಸ್ತಕ ಬರೆದ. ಅವನ ಬಳಿ ಹೆದೆ ಎಳೆಯಲು 1200 ಪೌಂಡ್ ಬಲ ಬೇಕಾಗುವ ಹಳೆಯ ಬಿಲ್ಲೊಂದಿತ್ತು. ಅದರಿಂದ ಅವನು ವೇಲ್ಸ್ ಬಳಿಯ ಮೆನಾಯ್ ಜಲಸಂಧಿಯ ಆಚೆ ದಡಕ್ಕೆ, ನಾಲ್ಕುನೂರು ಗಜಕ್ಕೂ ಮಿಕ್ಕಿ ದೂರ, ಬಾಣ ಹೊಡೆದು ತೋರಿಸಿದ. ಕೇಳಲು ರೋಮಾಂಚನ. ಆದರೆ ಅಂಥ ಬಿಲ್ಲುಗಾರನಿಗೆ ನಿಮಿಷಕ್ಕೆ ಒಂದೆರಡು ಬಾಣ ಬಿಟ್ಟರೆ ಹೆಚ್ಚು. ಉಳಿದ ಹೊತ್ತೆಲ್ಲ ರಾಟೆ ತಿರುಗಿಸುವುದೇ ಅವನ ಯುದ್ಧ.

ಚೀನಾದವರು ಈ ಮೂರು ಕೆಲಸದಲ್ಲಿ ಮೊದಲೆರಡನ್ನು ಒಂದೇ ಸನ್ನೆಗೆ ಕಟ್ಟಿಹಾಕಿದರು. ಬಿಲ್ಲಿನ ದಿಂಡಿನ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಅದರೊಳಗೆ ಹತ್ತು ಗಿಡ್ಡ ಬಾಣಗಳನ್ನು ಸೌದೆ ಒಟ್ಟಿದಂತೆ ಒಂದರ ಮೇಲೊಂದು ಮಲಗಿಸಿರುತ್ತಾರೆ. ಪೆಟ್ಟಿಗೆಗೂ ದಿಂಡಿಗೂ ಒಂದು ಸನ್ನೆಕೋಲನ್ನು ಕೀಲು ಹಾಕಿ ಜೋಡಿಸಿರುತ್ತಾರೆ. ಆ ಕೋಲನ್ನು ಮುಂದಕ್ಕೆ ತಳ್ಳಿದರೆ ಪೆಟ್ಟಿಗೆಯೇ ಮುಂದಕ್ಕೆ ಹೋಗುತ್ತದೆ. ಹೆದೆ ಹಾಯುವುದು ಪೆಟ್ಟಿಗೆಯ ತಳದ ಹತ್ತಿರ ಕೊರೆದ ಒಂದು ಸೀಳಿನ ಮೂಲಕ. ಪೆಟ್ಟಿಗೆ ಮುಂದೆ ಸರಿದಂತೆ ಹೆದೆ ಆ ಸೀಳಿನ ಹಿಂತುದಿಗೆ ಬಂದು, ಅಲ್ಲಿನ ಕಚ್ಚಿಗೆ ಟಕ್ ಎಂದು ಬೀಳುತ್ತದೆ. ಹೆದೆ ಪಕ್ಕಕ್ಕೆ ಸರಿದದ್ದರಿಂದ ತಳದಲ್ಲಿ ಜಾಗ ಖಾಲಿಯಾಯಿತು, ಕೆಳಗಿನ ಬಾಣ ತಾನಾಗಿ ತೋಡಿಗೆ ಇಳಿಯಿತು. ಈಗ ಕೋಲನ್ನು ನಿಮ್ಮ ಕಡೆಗೆ ಎಳೆಯಿರಿ. ಪೆಟ್ಟಿಗೆ, ಅದರೊಡನೆ ಹೆದೆ, ಎರಡೂ ಹಿಂದೆ ಬರುತ್ತವೆ, ಬಿಲ್ಲು ಬಗ್ಗುತ್ತದೆ. ನಮ್ಮ ಊರುಗಳ ಬೋರ್‌ವೆಲ್ ಕೈಪಂಪಿನಲ್ಲಿ ನೀರು ಎತ್ತಿದ ಹಾಗೆ, ಒತ್ತು, ಎಳೆ, ಒತ್ತು, ಎಳೆ. ಹದಿನೈದು ಸೆಕೆಂಡಿನೊಳಗೆ ಹತ್ತೂ ಬಾಣ ಖಾಲಿ.

ಇದರಲ್ಲಿ ಕುದುರೆ ಎಲ್ಲಿ, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರ್ ಎಲ್ಲಿ ಎಂದು ಕೇಳಬಹುದು. ಇಲ್ಲ. ಪುಸ್ತಕದ ರೇಖಾಚಿತ್ರದಲ್ಲಿ ಈ ಭಾಗ ನನಗೆ ಸರಿಯಾಗಿ ಕೂರದೆ, ಪರಿಚಯದ ಆಚಾರಿಯೊಬ್ಬರಿಗೆ ಚಿತ್ರ ತೋರಿಸಿ ಆಟಿಕೆಯಷ್ಟು ದೊಡ್ಡದೊಂದನ್ನು ಮಾಡಿಸಿದೆ. ಬಿಲ್ಲಿಗೆ ಬಿದಿರು, ಪೆಟ್ಟಿಗೆಗೆ ಬಾಗಿಲು ಮಾಡಿ ಉಳಿದ ತೇಗದ ಚೂರು, ಹೆದೆಗೆ ನೈಲಾನ್ ಹುರಿ. ಚಿತ್ರ ನೋಡಿದ ಅವರು ಮೊದಲು ಬೆರಳಿಟ್ಟಿದ್ದೇ ಆ ಜಾಗದ ಮೇಲೆ. "ಇಲ್ಲಿ ಒಂದು ಸಡಿಲ ಗೂಟ ಇಟ್ಟವ್ರೆ ನೋಡಿ. ಬುದ್ಧಿವಂತ ನನ್ಮಗ" ಎಂದರು. ಎರಡು ಸಾವಿರ ವರ್ಷದಾಚೆಯ ಸಹೋದ್ಯೋಗಿಗೆ ಸಿಕ್ಕ ಪ್ರಶಸ್ತಿ ಅದು.

ಆ ಗೂಟ ಬೆರಳಿನ ಗೆಣ್ಣಿನಷ್ಟು ಉದ್ದ. ಹೆದೆ ಕೂರುವ ಕಚ್ಚಿನ ಕೆಳಗೆ ಪೆಟ್ಟಿಗೆಯ ತಳದಲ್ಲಿ ಒಂದು ತೂತು, ಅದರೊಳಗೆ ಮೇಲೆ ಕೆಳಗೆ ಆಡುವಂತೆ ಗೂಟ. ಹೆದೆ ಕಚ್ಚಿಗೆ ಬಿದ್ದಾಗ ಗೂಟ ಕೆಳಗೆ ಜಾರಿ ಪೆಟ್ಟಿಗೆಯ ಹೊಟ್ಟೆಯಿಂದ ತುಸು ಹೊರಗೆ ಇಣುಕುತ್ತದೆ. ಕೋಲನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಪೆಟ್ಟಿಗೆ ದಿಂಡಿನ ಮೇಲೆ ಚಪ್ಪಟೆಯಾಗಿ ಕೂರುತ್ತದಲ್ಲ, ಆಗ ದಿಂಡು ಗೂಟವನ್ನು ಮೇಲಕ್ಕೆ ನೂಕುತ್ತದೆ. ಗೂಟ ಹೆದೆಯನ್ನು ಕಚ್ಚಿನಿಂದ ಎಬ್ಬಿಸುತ್ತದೆ. ಹೆದೆ ಚಿಮ್ಮಿತು, ಬಾಣ ಹೋಯಿತು. ಎಳೆಯುವುದರ ಕೊನೆಯೇ ಬಿಡುವುದು. ಒಂದು ಸ್ಪ್ರಿಂಗ್ ಇಲ್ಲ, ಒಂದು ಕಬ್ಬಿಣದ ಚೂರು ಬೇಕಿಲ್ಲ. ಬಾಣ ಕೆಳಗಿಳಿಸುವ ಕೆಲಸವನ್ನು ಭೂಮಿ ಸಂಬಳವಿಲ್ಲದೆ ಮಾಡಿಕೊಡುತ್ತದೆ.

ನಾವು ಮಾಡಿದ್ದು ಮೊದಲ ದಿನ ಕೆಲಸ ಮಾಡಲಿಲ್ಲ. ಅಂದಕ್ಕೆಂದು ಬಾಣಗಳಿಗೆ ಕೋಳಿ ಗರಿ ಅಂಟಿಸಿದ್ದೆವು. ಅವು ಪೆಟ್ಟಿಗೆಯೊಳಗೆ ಒಂದಕ್ಕೊಂದು ತೆಕ್ಕೆಬಿದ್ದು ಮೇಲೇ ಕೂತವು. "ಗರಿ ಕಿತ್ತಾಕಿ ಸ್ವಾಮಿ, ಇದೇನು ಕೋಳಿಗೂಡಾ" ಎಂದ ಆಚಾರ್ರು ತೋಡಿಗೆ ಒಂದಿಷ್ಟು ಮೇಣದಬತ್ತಿ ತಿಕ್ಕಿದರು. ಆಮೇಲೆ ಸರಾಗ. ಹಳೆಯ ಚೀನೀ ಬಾಣಗಳಿಗೂ ಸಾಮಾನ್ಯವಾಗಿ ಗರಿ ಇರುತ್ತಿರಲಿಲ್ಲ, ಕಾರಣ ಇದೇ. ಗರಿಯಿಲ್ಲದ ಬಾಣ ದೂರ ಹೋದಂತೆ ಓಲಾಡುತ್ತದೆ. ಗುರಿ ಕೆಟ್ಟರೂ ಚಿಂತೆಯಿಲ್ಲ, ಪೆಟ್ಟಿಗೆ ಸಿಕ್ಕಿಕೊಳ್ಳಬಾರದು ಎಂದು ಅವರು ಲೆಕ್ಕ ಹಾಕಿದ್ದರು. ಹೇಗೂ ಕೋಲು ಎಳೆದಾಗಲೆಲ್ಲ ಪೆಟ್ಟಿಗೆ ತೂಗಾಡುವುದರಿಂದ ಇದನ್ನು ಕಣ್ಣಿಗೆ ಹಿಡಿದು ಗುರಿ ನೋಡುವ ಹಾಗೇ ಇಲ್ಲ. ಸೊಂಟದ ಬಳಿ ಅವುಚಿಕೊಂಡು, ಶತ್ರು ಇರುವ ದಿಕ್ಕಿಗೆ ತಿರುಗಿಸಿ, ದೇವರ ಮೇಲೆ ಭಾರ ಹಾಕಬೇಕು.

ಇನ್ನೊಂದು ಸಂಗತಿ ಆಟಿಕೆ ಕೈಗೆ ಬಂದ ಮೇಲಷ್ಟೇ ನನಗೆ ಹೊಳೆದದ್ದು. ಈ ಆಯುಧ ಹಿಡಿದು ಯಾರನ್ನೂ ಹೆದರಿಸಲು ಆಗುವುದಿಲ್ಲ. ಸಿನಿಮಾದಲ್ಲಿ ನಾಯಕ ಖಳನ ಮೂಗಿನ ನೇರಕ್ಕೆ ಅಡ್ಡಬಿಲ್ಲು ಹಿಡಿದು, "ಅಲುಗಾಡಿದರೆ ಸಾಯುತ್ತೀಯ" ಎಂದು ಅರ್ಧ ಪುಟ ಸಂಭಾಷಣೆ ಹೇಳುತ್ತಾನೆ. ಯುರೋಪಿನ ಅಡ್ಡಬಿಲ್ಲಿನಲ್ಲಿ ಅದು ಸಾಧ್ಯ, ಎಳೆದ ಹೆದೆ ಕಚ್ಚಿನಲ್ಲಿ ಕಾದು ಕೂತಿರುತ್ತದೆ. ಇದರಲ್ಲಿ ಹೆದೆ ಪೂರ್ತಿ ಹಿಂದೆ ಬಂದ ಕ್ಷಣವೇ ಬಾಣ ಹೊರಟುಹೋಗುತ್ತದೆ. ಕಾಯುವ ಸ್ಥಿತಿಯೇ ಇಲ್ಲ. ಒಂದೋ ಖಾಲಿ, ಇಲ್ಲವೇ ಹೊಡೆದಾಯಿತು. ಸಂಭಾಷಣೆಗೆ ಎಡೆಯಿಲ್ಲದ ಇಂಥ ಆಯುಧವನ್ನು ಸಿನಿಮಾದವರು ಇಷ್ಟು ಹಚ್ಚಿಕೊಂಡದ್ದು ನನಗೆ ಈಗಲೂ ಆಶ್ಚರ್ಯ.

ಇಷ್ಟು ಚಂದದ ಯಂತ್ರವಿದ್ದೂ ಚೀನಾದ ಸೈನ್ಯ ದೊಡ್ಡ ಯುದ್ಧಗಳಲ್ಲಿ ಇದನ್ನೇ ಏಕೆ ನೆಚ್ಚಿಕೊಳ್ಳಲಿಲ್ಲ? ಸೋಂಗ್ ಯಿಂಗ್‌ಶಿಂಗ್ ಎಂಬ ಪಂಡಿತ 1637ರಲ್ಲಿ ತನ್ನ ಕಾಲದ ಕಸುಬುಗಳನ್ನೆಲ್ಲ ವಿವರಿಸಿ ‘ತಿಯಾನ್‌ಗೋಂಗ್ ಕಾಯ್‌ವು’ ಎಂಬ ಗ್ರಂಥ ಬರೆದ. ಭತ್ತ ಬೆಳೆಯುವುದು, ಉಪ್ಪು ತೆಗೆಯುವುದು, ಕಾಗದ ಮಾಡುವುದು ಎಲ್ಲ ಅದರಲ್ಲಿದೆ. ಈ ಬಿಲ್ಲಿಗೂ ಒಂದಿಷ್ಟು ಜಾಗ ಕೊಟ್ಟಿದ್ದಾನೆ. ಹತ್ತು ಬಾಣ ಹಿಡಿಯುತ್ತದೆ, ಒಂದು ಹೋದ ಕೂಡಲೇ ಇನ್ನೊಂದು ತಾನೇ ಇಳಿಯುತ್ತದೆ ಎಂದೆಲ್ಲ ಮೆಚ್ಚಿ, ಕೊನೆಗೆ ಒಂದೇ ಏಟಿಗೆ ಅದನ್ನು ಕೆಳಗಿಳಿಸುತ್ತಾನೆ. ಇದರ ಬಾಣ ಹೋಗುವುದು ಇಪ್ಪತ್ತು ಚಿಲ್ಲರೆ ಹೆಜ್ಜೆ (ಎರಡೂ ಕಾಲು ಎತ್ತಿಟ್ಟರೆ ಅಲ್ಲಿಯವರಿಗೆ ಒಂದು ಹೆಜ್ಜೆ), ಇದು ಮನೆಗೆ ಕಳ್ಳರು ಬರದಂತೆ ಇಟ್ಟುಕೊಳ್ಳುವ ಸಾಮಾನು, ರಾಜ್ಯದ ಸೈನ್ಯಕ್ಕೆ ಹೇಳಿದ್ದಲ್ಲ ಎನ್ನುತ್ತಾನೆ. ಅದೇ ಮಿಂಗ್ ಕಾಲದ ಮತ್ತೊಂದು ಬರಹವಂತೂ ಪುಸ್ತಕದ ಹುಳುವಾದ ಪಂಡಿತರೂ ಅಂತಃಪುರದ ಹೆಂಗಸರೂ ಇದನ್ನು ಬಳಸಬಹುದು, ಏಟು ಮೆತ್ತಗಿರುವುದರಿಂದ ಬಾಣದ ತುದಿಗೆ ವಿಷ ಹಚ್ಚಿಕೊಳ್ಳಬೇಕು ಎಂದು ಸಲಹೆ ಕೊಡುತ್ತದೆ. ಹುಲಿ ಕೊಲ್ಲುವ ವಿಷವಂತೆ.

ಏಟು ಮೆತ್ತಗಾದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಬಂದೂಕಿನಲ್ಲಿ ಪ್ರತಿ ಗುಂಡೂ ತನ್ನ ಶಕ್ತಿಯನ್ನು ಮದ್ದಿನ ರೂಪದಲ್ಲಿ ಬೆನ್ನಿಗೇ ಕಟ್ಟಿಕೊಂಡು ಬರುತ್ತದೆ. ಬಾಣದ ಬೆನ್ನಿಗೆ ಏನೂ ಇಲ್ಲ. ಅದು ಒಯ್ಯುವುದು ನಿಮ್ಮ ತೋಳು ಆಗಷ್ಟೇ ಬಿಲ್ಲಿಗೆ ಕೊಟ್ಟದ್ದನ್ನು ಮಾತ್ರ. ಪೇನ್-ಗಾಲ್ವೇಯ ಬಿಲ್ಲಿಗೆ ಅರ್ಧ ನಿಮಿಷ ರಾಟೆ ತಿರುಗಿಸಿ ಕೂಡಿಟ್ಟ ದುಡಿಮೆ ಒಂದೇ ಬಾಣಕ್ಕೆ ಸಿಗುತ್ತದೆ. ಚೀನೀ ಬಿಲ್ಲಿನಲ್ಲಿ ಒಂದೂವರೆ ಸೆಕೆಂಡಿನ ದುಡಿಮೆ. ಹತ್ತು ಬಾಣ ಬೇಕಾದರೆ ಅದೇ ತೋಳಿನ ಶಕ್ತಿಯನ್ನು ಹತ್ತು ಪಾಲು ಮಾಡಬೇಕು. ಪೆಟ್ಟಿಗೆ ಉಳಿಸಿಕೊಡುವುದು ಬಾಣ ಹುಡುಕುವ, ಇಡುವ ಪರದಾಟವನ್ನು. ಹೆದೆ ಎಳೆಯುವ ಕೂಲಿಯನ್ನು ಯಾವ ಪೆಟ್ಟಿಗೆಯೂ ಮಾಫಿ ಮಾಡಲಾರದು. ಕಥೆಗಾರರು ಮುಚ್ಚಿಡುವುದು ಈ ಒಂದು ಬಾಬ್ತನ್ನೇ.

ಕಥೆಗಾರರ ಮಾತು ಬಂದಾಗ ಝೂಗೆ ಲಿಯಾಂಗ್‌ನನ್ನು ಬಿಡುವಂತಿಲ್ಲ. ಮೂರು ರಾಜ್ಯಗಳ ಕಾಲದ ಶೂ ರಾಜ್ಯದ ಮಂತ್ರಿ, 181ರಿಂದ 234ರವರೆಗೆ ಬದುಕಿದವನು. ಚೀನೀಯರಿಗೆ ಜಾಣತನದ ಮಾತೆತ್ತಿದರೆ ನೆನಪಾಗುವ ಮೊದಲ ಹೆಸರು. ಈ ಬಿಲ್ಲಿಗೂ ಅಲ್ಲಿ ಅವನ ಹೆಸರೇ ಅಂಟಿಕೊಂಡಿದೆ. ಒಂದೇ ಸಲಕ್ಕೆ ಹತ್ತು ಬಾಣ ಬಿಡುವ ಬಿಲ್ಲನ್ನು ಅವನು ಮಾಡಿಸಿದ ಎಂದು ಹಳೆಯ ಇತಿಹಾಸದ ಟಿಪ್ಪಣಿಯೊಂದು ಹೇಳುತ್ತದೆ. ಆದರೆ ಹೂಬೆ ಪ್ರಾಂತದ ಚೂ ರಾಜ್ಯದ ಗೋರಿಯೊಂದರಲ್ಲಿ ಪೆಟ್ಟಿಗೆ ಹೊತ್ತ ಅಡ್ಡಬಿಲ್ಲು ಸಿಕ್ಕಿದೆ, ಅದು ಕ್ರಿ.ಪೂ. 4ನೇ ಶತಮಾನದ್ದು. ಅಂದರೆ ಝೂಗೆ ಲಿಯಾಂಗ್ ಹುಟ್ಟುವ ಐನೂರು ವರ್ಷ ಮೊದಲಿನದು. ಅದರ ಕಟ್ಟಡವೂ ಬೇರೆ: ಇಪ್ಪತ್ತು ಸಣ್ಣ ಬಾಣ, ಒಂದೊಂದು ಎಳೆತಕ್ಕೆ ಎರಡೆರಡು ಬಾಣ. ಜಾಣನೊಬ್ಬ ಪ್ರಸಿದ್ಧನಾದರೆ ಹಿಂದಿನವರು ಮಾಡಿದ್ದೂ ಅವನ ಖಾತೆಗೇ ಜಮಾ ಆಗುತ್ತದೆ. ನಮ್ಮಲ್ಲಿ ಯಾರು ಕಟ್ಟಿದರೋ ಗೊತ್ತಿಲ್ಲದ ಗುಡಿಯೆಲ್ಲ ಜಕಣಾಚಾರಿಯದೇ ಆಗುವಂತೆ.

ಬಿಲ್ಲು ಅವನದಲ್ಲದಿದ್ದರೇನಂತೆ, ಬಾಣದ ಸರಬರಾಜಿನ ಬಗ್ಗೆ ನಾನು ಓದಿದ ಅತ್ಯುತ್ತಮ ಕಥೆ ಅವನದೇ. 14ನೇ ಶತಮಾನದ ಲುವೋ ಗುವಾನ್‌ಝೋಂಗ್ ಬರೆದನೆನ್ನುವ ‘ಮೂರು ರಾಜ್ಯಗಳ’ ಕಾದಂಬರಿಯಲ್ಲಿ ಮಿತ್ರಪಕ್ಷದ ಸೇನಾಪತಿ ಝೂಗೆ ಲಿಯಾಂಗ್‌ನನ್ನು ಸಿಕ್ಕಿಹಾಕಿಸಲು ಒಂದು ಲಕ್ಷ ಬಾಣ ಒದಗಿಸು ಎನ್ನುತ್ತಾನೆ. ಮೂರು ದಿನ ಸಾಕು ಎಂದು ಇವನು ಒಪ್ಪುತ್ತಾನೆ. ಎರಡು ದಿನ ಏನೂ ಮಾಡುವುದಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮಂಜು ಕವಿದಿದ್ದಾಗ ಇಪ್ಪತ್ತು ದೋಣಿಗಳ ಅಕ್ಕಪಕ್ಕ ಹುಲ್ಲಿನ ಹೊರೆ ಕಟ್ಟಿಸಿ, ನಗಾರಿ ಬಾರಿಸುತ್ತ ಶತ್ರು ತ್ಸಾವ್ ತ್ಸಾವ್‌ನ ಪಾಳೆಯದ ಎದುರು ಸಾಲಾಗಿ ನಿಲ್ಲಿಸುತ್ತಾನೆ. ಮಂಜಿನಲ್ಲಿ ಎಷ್ಟು ಸೈನ್ಯ ಬಂದಿದೆಯೋ ತಿಳಿಯದೆ ಅವರು ಬಾಣ ಸುರಿಸುತ್ತಾರೆ. ಒಂದು ಮಗ್ಗುಲು ತುಂಬಿದ ಮೇಲೆ ದೋಣಿಗಳನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನೂ ತುಂಬಿಸಿಕೊಂಡು, ದಡದವರಿಗೆ ಕೃತಜ್ಞತೆ ಕೂಗಿ ಹಿಂದಿರುಗುತ್ತಾನೆ. ಕಾದಂಬರಿಯ ಕಟ್ಟುಕಥೆಯೇ ಸರಿ. ಆದರೆ ಬಾಣ ಆಕಾಶದಿಂದ ಬರುವುದಿಲ್ಲ, ಯಾರಾದರೂ ತರಬೇಕು ಎಂಬ ಅರಿವಿನಿಂದ ಹುಟ್ಟಿದ ಕಥೆ. ಇದನ್ನು ಬರೆದವನ ಜೊತೆ ನಾನು ನಿಶ್ಚಿಂತೆಯಿಂದ ಸಿನಿಮಾಕ್ಕೆ ಹೋಗಬಲ್ಲೆ.

ಗ್ರೀಕರೂ ಇದೇ ಗೀಳು ಹಚ್ಚಿಕೊಂಡಿದ್ದರು. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಡಯೊನೀಸಿಯಸ್ ಎಂಬ ಯಂತ್ರಕಾರ ರೋಡ್ಸ್ ದ್ವೀಪದಲ್ಲಿ ಪಾಲಿಬೊಲೊಸ್ ಎಂಬ ಯಂತ್ರ ಕಟ್ಟಿದ. ಇದು ಕೈಯಲ್ಲಿ ಹಿಡಿಯುವಂಥದ್ದಲ್ಲ, ನೆಲದ ಮೇಲೆ ನಿಲ್ಲಿಸುವಂಥದ್ದು. ಮೇಲೆ ಬಾಣ ತುಂಬುವ ತೊಟ್ಟಿ, ಅದರಡಿಯಲ್ಲಿ ಉದ್ದಕ್ಕೆ ಒಂದು ಗೀರು ಕೊರೆದ ಉರುಳೆ. ಉರುಳೆ ಹೊರಳಿದಾಗ ಗೀರಿಗೆ ಒಂದೇ ಒಂದು ಬಾಣ ಬಿದ್ದು, ಮತ್ತೆ ಹೊರಳಿದಾಗ ಕೆಳಗಿನ ತೋಡಿಗೆ ಇಳಿಯುತ್ತದೆ. ಎಲ್ಲವನ್ನೂ ನಡೆಸುವುದು ಐದು ಮುಖದ ಗಾಲಿಗಳ ಮೇಲೆ ಓಡುವ ಚೈನು. ಒಬ್ಬ ಆಳು ಹಿಡಿಯನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಿರುಗಿಸುತ್ತಿದ್ದರೆ ಹೆದೆ ಸಿಕ್ಕಿಕೊಳ್ಳುವುದು, ಎಳೆಯುವುದು, ಬಾಣ ಬೀಳುವುದು, ಬಿಡುವುದು ಎಲ್ಲ ಸರತಿಯಲ್ಲಿ ನಡೆಯುತ್ತದೆ. ಸೈಕಲ್ಲಿನ ಚೈನು ನೋಡಿದಾಗೆಲ್ಲ ನನಗೆ ಈ ಡಯೊನೀಸಿಯಸ್ ನೆನಪಾಗುತ್ತಾನೆ.

ಈ ಯಂತ್ರದ ವಿವರ ನಮಗೆ ಸಿಕ್ಕಿರುವುದು ಬೈಜಾಂಟಿಯಮ್ಮಿನ ಫಿಲೋ ಎಂಬವನಿಂದ. ಆ ಮಹಾನುಭಾವ ಅದನ್ನು ಬರೆದಿಟ್ಟದ್ದು ಹೊಗಳಲಿಕ್ಕಲ್ಲ. ಯಂತ್ರ ಚೆನ್ನಾಗಿದೆ, ಆದರೆ ಉಪಯೋಗವೇನು ಎಂಬುದು ಅವನ ತಕರಾರು. ಒಂದು ಗುರಿಗೆ ಹೂಡಿದರೆ ಎಲ್ಲ ಬಾಣವೂ ಅಲ್ಲಿಗೇ ಹೋಗಿ ಬೀಳುತ್ತವೆ, ಹರಡುವುದಿಲ್ಲ. ಮೊದಲ ಬಾಣಕ್ಕೆ ಒಬ್ಬ ಸತ್ತರೆ ಉಳಿದವು ಯಾರಿಗೆ? ಬಾಣ ದಂಡ, ಅವನ್ನು ಹೆಕ್ಕಿಕೊಳ್ಳುವ ಶತ್ರುವಿಗೆ ಲಾಭ. ಇಂಥ ಲೆಕ್ಕಿಗ ಎರಡು ಸಾವಿರ ವರ್ಷದ ಹಿಂದೆಯೇ ಇದ್ದ ಎಂದು ತಿಳಿದಾಗ ನನಗೆ ಬಂಧುವೊಬ್ಬ ಸಿಕ್ಕಷ್ಟು ಸಂತೋಷವಾಯಿತು. ಹೆಂಡತಿಗೂ ಹೇಳಿದೆ. "ಅವನ ಹೆಂಡತಿ ಏನಂದಳು ಅಂತಲೂ ಬರೆದಿದ್ದಾನಾ?" ಎಂದಳು.

ಲಿಯೊನಾರ್ಡೊ ಡ ವಿಂಚಿಯದೂ ಒಂದು ಚಿತ್ರವಿದೆ. ಆಳೆತ್ತರವನ್ನು ಮೀರಿದ ಚಕ್ರದೊಳಗೆ ನಾಲ್ಕು ಅಡ್ಡಬಿಲ್ಲು, ಚಕ್ರದ ಹೊರಗಿನ ಮೆಟ್ಟಿಲುಗಳನ್ನು ಸಾಲಾಗಿ ತುಳಿಯುವ ಆಳುಗಳು, ನಡುವೆ ಕೂತು ಬಾಣ ಬಿಡುವ ಒಬ್ಬ. ಕಾಗದದ ಮೇಲೆಯೇ ಉಳಿದ ಕಲ್ಪನೆ. ಆದರೂ ಹೆದೆ ಎಳೆಯುವವರನ್ನು ಅವನು ಮುಚ್ಚಿಡಲಿಲ್ಲ. ಒಬ್ಬ ಬಾಣ ಬಿಡಬೇಕಾದರೆ ಎಷ್ಟು ಜನ ತುಳಿಯಬೇಕು ಎಂದು ಬರೆದು ತೋರಿಸಿದ.

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಆಟಗಳಿಗೆ ಆಯುಧ, ಮಡಕೆ, ಕುರ್ಚಿ ಇತ್ಯಾದಿಗಳ ಮಾದರಿ ಮಾಡುತ್ತಾನೆ. ವಿದೇಶದ ಕಂಪನಿಗಳು ಕಥೆ ಬರೆದು ಕಳಿಸುತ್ತವೆ, ಇಲ್ಲಿನ ಹುಡುಗರು ಅದರೊಳಗಿನ ಸಾಮಾನೆಲ್ಲ ಕೂರಿಸುತ್ತಾರೆ. ಒಂದು ಭಾನುವಾರ ಊಟಕ್ಕೆ ಬಂದವನು ಶೋಕೇಸಿನಲ್ಲಿದ್ದ ಆಚಾರ್ರ ಆಟಿಕೆ ನೋಡಿ ನಿಂತುಬಿಟ್ಟ. ಅವನ ಕೈಯಲ್ಲೂ ಅದೇ ಕೆಲಸ ಇತ್ತಂತೆ. ಲ್ಯಾಪ್‌ಟಾಪ್ ತೆರೆದು ತೋರಿಸಿದ. ಕಣ್ಣು ಕುಕ್ಕುವಂಥ ಅಡ್ಡಬಿಲ್ಲು. ಹಿತ್ತಾಳೆಯ ಬಳ್ಳಿ ಕೆತ್ತನೆ, ಡ್ರ್ಯಾಗನ್ ತಲೆ, ತೊಗಲಿನ ಹಿಡಿ. ಹೊತ್ತಿರುವವಳು ಯಾವುದೋ ಹಳೆಯ ಚೀನೀ ಸಾಮ್ರಾಜ್ಯದ ವೀರವನಿತೆ.

"ಬಾಣ ಎಲ್ಲಿಂದ ಬರುತ್ತೆ?" ಎಂದೆ.

"ಇಲ್ಲಿಂದ ಮಾವ" ಎಂದು ಬಿಲ್ಲಿನ ಕೆಳಗೆ, ಏಕೆ 47 ಬಂದೂಕಿಗೆ ಇರುವಂತೆ ಬಾಗಿದ ಮ್ಯಾಗಜಿನ್ ತೋರಿಸಿದ.

"ಕೆಳಗಿಂದ ಮೇಲಕ್ಕೆ ಹ್ಯಾಗೆ ಹತ್ತುತ್ತೆ?"

"ಒಳಗೆ ಸ್ಪ್ರಿಂಗ್ ಇರುತ್ತೆ."

"ಆ ಕಾಲದಲ್ಲಿ ಅಂಥ ಸ್ಪ್ರಿಂಗ್ ಎಲ್ಲಿತ್ತು?"

"ಡ್ರ್ಯಾಗನ್ ಇತ್ತಲ್ಲ ಮಾವ, ಸ್ಪ್ರಿಂಗ್ ಯಾಕಿರಬಾರದು?"

ಈ ವಾದಕ್ಕೆ ಎದುರುತ್ತರವಿಲ್ಲ ಎಂದು ಅವನು ತಿಳಿದಿದ್ದ. ನನಗೆ ಡ್ರ್ಯಾಗನ್ ಬಗ್ಗೆ ತಕರಾರಿಲ್ಲ. ಡ್ರ್ಯಾಗನ್ ಇರುವ ಊರಿನಲ್ಲೂ ಕೈಬಿಟ್ಟ ಕಲ್ಲು ಕೆಳಗೆ ಬೀಳುತ್ತದಲ್ಲ, ಹಾಗಿದ್ದರೆ ಪೆಟ್ಟಿಗೆ ಮೇಲೇ ಇರಲಿ, ಬಾಣ ಪುಕ್ಕಟೆ ಇಳಿಯುತ್ತದೆ ಎಂಬುದಷ್ಟೇ ನನ್ನ ವಾದ. ಇಂದಿಗೂ ಅದು ಹಾಗೇ ಇದೆ. ಆಸ್ಟ್ರಿಯಾದ ಸ್ಟೀಮ್‌ಬೋ ಕಂಪನಿಯವರು ಮಾರುವ ಪುಟ್ಟ ಅಡ್ಡಬಿಲ್ಲಿನಲ್ಲಿ ಆರು ಬಾಣದ ಪೆಟ್ಟಿಗೆ ಇರುವುದು ಮೇಲ್ಗಡೆಯೇ. ಜರ್ಮನಿಯ ಯೋರ್ಗ್ ಸ್ಪ್ರಾವೆ ಎಂಬ ಯೂಟ್ಯೂಬಿನ ಗಟ್ಟಿಗ ಸಾಮಾನ್ಯ ಬಿಲ್ಲಿಗೇ ಬಾಣದ ಪೆಟ್ಟಿಗೆ ಸಿಕ್ಕಿಸಿ ಅಟ್ಟಹಾಸ ಮಾಡುತ್ತಾನಲ್ಲ, ಅವನ ಪೆಟ್ಟಿಗೆಯೂ ಮೇಲೇ.

ಅಳಿಯನೂ ಸುಮ್ಮನೆ ಬಿಡಲಿಲ್ಲ. ಆಟಗಳಲ್ಲೂ ನ್ಯಾಯ ಇದೆ ಎಂದು ಸಾಕ್ಷಿ ಹಾಜರುಪಡಿಸಿದ. 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಆಟದಲ್ಲಿ ಚೀನೀಯರಿಗೆ ಮಾತ್ರ ಚು ಕೊ ನು ಎಂಬ ಬಿಲ್ಲುಗಾರ ಸಿಗುತ್ತಾನೆ. ಒಂದೊಂದು ಸರದಿಗೆ ಮೂರು ಬಾಣ ಬಿಡುತ್ತಾನೆ, ಬಡ್ತಿ ಸಿಕ್ಕರೆ ಐದು. ಆದರೆ ಮೊದಲ ಬಾಣಕ್ಕೆ ಮಾತ್ರ ಪೂರ್ತಿ ಬಲ, ಹಿಂದಿನಿಂದ ಬರುವವು ಸಪ್ಪೆ. ಇದು ನನಗೆ ಹಿಡಿಸಿತು. ಆದರೆ ಆ ಸೈನಿಕನನ್ನು ತಯಾರು ಮಾಡಲು 40 ಕಟ್ಟಿಗೆ, 35 ಚಿನ್ನ ಒಮ್ಮೆ ಕೊಟ್ಟರೆ ಮುಗಿಯಿತು. ಮತ್ತೆ ಅವನಿಗೆ ಸಾಯುವ ತನಕ ಬಾಣದ ಖರ್ಚಿಲ್ಲ. ನಲವತ್ತು ಕಟ್ಟಿಗೆಯಲ್ಲಿ ಬಿಲ್ಲೂ ಆಗಬೇಕು, ಜೀವಮಾನದ ಬಾಣವೂ ಆಗಬೇಕು! ಅದಕ್ಕಿಂತ ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮೂರನೆಯ ಆವೃತ್ತಿಯವರು ನಿಯತ್ತಿನವರು. ಅವರ ಪೆಟ್ಟಿಗೆಯ ಅಡ್ಡಬಿಲ್ಲಿನಲ್ಲಿ ಐದೇ ಬಾಣ. ಮುಗಿದರೆ ಹೊಸ ಪೆಟ್ಟಿಗೆ ಹಾಕಿಕೊಳ್ಳಲು ನಿಮ್ಮ ಒಂದಿಡೀ ಸರದಿ ಹೋಗುತ್ತದೆ. ಆ ಹೊತ್ತಿನಲ್ಲಿ ಎದುರಿಗಿದ್ದ ರಾಕ್ಷಸ ನಿಮ್ಮನ್ನು ಏನು ಬೇಕಾದರೂ ಮಾಡಬಹುದು. ಸರಿಯಾದ ಕಾನೂನು.

"ನಮ್ಮ ಅರ್ಜುನನಿಗೂ ಅನ್‌ಲಿಮಿಟೆಡ್ ಬಾಣ ಇತ್ತಲ್ಲ ಮಾವ, ಅವನನ್ನ ಯಾಕೆ ಕೇಳಲ್ಲ?" ಎಂದು ಕೊನೆಯ ಅಸ್ತ್ರ ಬಿಟ್ಟ. ನಿಜ, ಖಾಂಡವ ವನ ಸುಡುವಾಗ ಅಗ್ನಿಯ ಕೋರಿಕೆಯಂತೆ ವರುಣ ಗಾಂಡೀವದ ಜೊತೆ ಎರಡು ಅಕ್ಷಯ ಬತ್ತಳಿಕೆ ಕೊಟ್ಟ. ಎಷ್ಟು ತೆಗೆದರೂ ಮುಗಿಯದವು. ಆದರೆ ವ್ಯಾಸರು ಆ ಲೆಕ್ಕವನ್ನು ತೆರೆದೇ ಇಟ್ಟಿದ್ದರು. ಮೌಸಲ ಪರ್ವದಲ್ಲಿ ಕೃಷ್ಣ ಹೋದ ಮೇಲೆ ಅರ್ಜುನ ದ್ವಾರಕೆಯ ಹೆಂಗಸರನ್ನು ಕರೆದುಕೊಂಡು ಬರುವಾಗ ದಾರಿಯಲ್ಲಿ ಕಳ್ಳರು ಮುತ್ತುತ್ತಾರೆ. ಗಾಂಡೀವಕ್ಕೆ ಹೆದೆಯೇರಿಸಲೇ ಕಷ್ಟವಾಗುತ್ತದೆ. ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಅಕ್ಷಯ ಬತ್ತಳಿಕೆ ಖಾಲಿಯಾಗುತ್ತದೆ. ಕೊನೆಗೆ ಅವನು ಬಿಲ್ಲಿನ ತುದಿಯಿಂದಲೇ ಕಳ್ಳರಿಗೆ ಬಡಿಯುತ್ತಾನೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗಮಕಿಗಳ ಬಾಯಲ್ಲಿ ಭಾರತ ಕೇಳಿ ಬೆಳೆದ ನಮ್ಮ ಕಡೆಯವರ ಅರ್ಜುನನಿಗೆ ಬತ್ತಳಿಕೆ ಖಾಲಿಯಾದದ್ದೇ ಇಲ್ಲ. ನಮ್ಮ ತಾತನಿಗೂ ಈ ಕಥೆ ಗೊತ್ತಿರಲಿಲ್ಲ; ಗೊತ್ತಾದಾಗ ಬಹಳ ಬೇಜಾರು ಮಾಡಿಕೊಂಡಿದ್ದರಂತೆ.

ಚೀನೀ ಬಿಲ್ಲಿನ ಕೊನೆಯೂ ಏನು ಕಡಿಮೆ ವಿಚಿತ್ರವಲ್ಲ. 1894–95ರಲ್ಲಿ ಚೀನಾಕ್ಕೂ ಜಪಾನಿಗೂ ಯುದ್ಧವಾದಾಗಲೂ ಚೀನೀ ಪಡೆಯ ಕೆಲವರ ಕೈಯಲ್ಲಿ ಈ ಬಿಲ್ಲು ಇತ್ತು ಎನ್ನುತ್ತಾರೆ. ಎದುರಿಗಿದ್ದ ಹೆಚ್ಚಿನ ಜಪಾನಿ ಸೈನಿಕರ ಕೈಯಲ್ಲಿದ್ದದ್ದು ಒಮ್ಮೆಗೆ ಒಂದೇ ಗುಂಡು ತುಂಬುವ ಮುರಾಟಾ ಬಂದೂಕು. ಹತ್ತು ಬಾಣದ ಪೆಟ್ಟಿಗೆ ಒಂದು ಕಡೆ, ಒಂಟಿ ಗುಂಡು ಇನ್ನೊಂದು ಕಡೆ. ಎಣಿಕೆಯಲ್ಲಿ ಚೀನಾ ಮುಂದಿತ್ತು.

ಅಳಿಯ ಆವತ್ತು ನನ್ನ ಆಟಿಕೆಯ ಫೋಟೋಗಳನ್ನು, ಆ ಗೂಟದ ಹತ್ತಿರದ ಚಿತ್ರವನ್ನೂ, ತೆಗೆದುಕೊಂಡು ಹೋದ. ಕೆಲವು ವಾರ ಕಳೆದು ಫೋನ್ ಮಾಡಿದ. ಪೆಟ್ಟಿಗೆ ಮೇಲಕ್ಕೆ ಬಂತಂತೆ, ಸನ್ನೆಕೋಲೂ ಬಂತಂತೆ. ವೀರವನಿತೆ ಪ್ರತಿ ಬಾಣಕ್ಕೂ ಕೋಲು ಎಳೆಯುವಂತೆ ಮಾಡಿ ಕಳಿಸಿದನಂತೆ. ಆ ಕಡೆಯವರು ಆಡಿ ನೋಡಿದಾಗ ಅವಳು ಹತ್ತು ಬಾಣ ಸುರಿಸಿ, ಆಮೇಲೆ ಸೊಂಟದ ಚೀಲದಿಂದ ಒಂದೊಂದೇ ಬಾಣ ತೆಗೆದು ಪೆಟ್ಟಿಗೆಗೆ ಜೋಡಿಸುತ್ತ ನಿಂತಿರುವಾಗ ಶತ್ರುಗಳು ನಿಧಾನವಾಗಿ ನಡೆದುಬಂದು ಅವಳನ್ನು ಕೊಂದುಹಾಕುತ್ತಿದ್ದರಂತೆ. ಎಲ್ಲರೂ ನಕ್ಕರಂತೆ. ಅವಳಿಗೆ ಜೋಡಿ ಕತ್ತಿ ಕೊಟ್ಟು, ಬಿಲ್ಲನ್ನು ಪೇಟೆಬೀದಿಯ ಒಬ್ಬ ದಿನಸಿ ಅಂಗಡಿಯ ಮುದುಕಿಯ ಕೈಗೆ ದಾಟಿಸಿದ್ದಾರಂತೆ. ರಾತ್ರಿ ಕಳ್ಳರು ಬಂದರೆ ಅವಳು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೊಡೆಯುತ್ತಾಳೆ.

ಸೋಂಗ್ ಯಿಂಗ್‌ಶಿಂಗ್‌ಗೆ ಕೇಳಿದ್ದರೂ ಇದನ್ನೇ ಹೇಳುತ್ತಿದ್ದ. "ಕಳ್ಳರು ಎಷ್ಟು ಸಲ ಬರ್ತಾರೆ?" ಎಂದು ವಿಚಾರಿಸಿದೆ.

"ಆಟದಲ್ಲಿ ಒಂದೇ ರಾತ್ರಿ ಮಾವ. ಆಮೇಲೆ ಪೆಟ್ಟಿಗೆ ತುಂಬಿಸಿಕೊಳ್ಳೋಕೆ ಮುದುಕಿಗೆ ಬೇಕಾದಷ್ಟು ಟೈಮ್ ಇದೆ."